ಪದ ಪರಿಚಯ: ಸೋಂಕು

ಮಳೆಗಾಲ ಬಂತೆಂದರೆ ಪುಣೆಯಲ್ಲಿ ಎಲ್ಲರ ಬಾಯಲ್ಲೂ ‘ಡೋಳೆ ಆಲೇ’. ನಮ್ಮವರೂ ‘ಕಣ್ಣು ಬಂದಿವೆ’ ಅನ್ನುತ್ತಾರೆ, ಅಂದರೆ ಮದ್ರಾಸ್ ಐ. ಆ ಮಾತಿಗೆ ನನ್ನ ತಕರಾರಿಲ್ಲ. ತಕರಾರಿರುವುದು ನಮ್ಮ ಸೊಸೈಟಿಯ ಕನ್ನಡ ವಾಟ್ಸಾಪ್ ಗುಂಪಿಗೆ ಈ ವಾರ ಮೂರನೇ ಸಲ ಬಂದ ಸಂದೇಶಕ್ಕೆ: ‘ಕಣ್ಣಿನ ಸೋಂಕು ಇರುವವರನ್ನು ನೋಡಬೇಡಿ, ನೋಡಿದರೆ ನಿಮಗೂ ಬರುತ್ತದೆ.’

ನೋಡಿದರೆ ಬರುವುದಾದರೆ ಅದು ಸೋಂಕು ಹೇಗಾಗುತ್ತದೆ? ಸೋಂಕು ಅಂದರೇನೇ ಮುಟ್ಟುವುದು, ತಾಕುವುದು. ಅಚ್ಚಗನ್ನಡ ಪದ. ಹತ್ತನೇ ಶತಮಾನದ ಪಂಪ ಬನವಾಸಿಯನ್ನು ನೆನೆಯುವಾಗ ‘ತೆಂಕಣ ಗಾಳಿ ಸೋಂಕಿದೊಡಂ’ ಅನ್ನುತ್ತಾನೆ. ದಕ್ಷಿಣದ ಗಾಳಿ ಮೈಗೆ ತಾಕಿದರೂ ಸಾಕು, ಆ ನಾಡು ನೆನಪಾಗುತ್ತದೆ. ಊರು ಬಿಟ್ಟು ಇಲ್ಲಿ ಬಂದು ನೆಲೆಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪಂಪನ ಆ ಸಾಲಿನಲ್ಲಿ ಸೋಂಕಿಗೂ ಕಾಯಿಲೆಗೂ ನಂಟೇ ಇಲ್ಲ. ಸಂಸ್ಕೃತದ ‘ಇತ’ ಅಂಟಿಸಿಕೊಂಡ ‘ಸೋಂಕಿತ’ ಕೊರೊನಾ ಕಾಲದಲ್ಲಿ ಮನೆಮಾತಾಯಿತು. ಅಷ್ಟು ಬಳಸಿದರೂ ಪದದ ಒಳಗಿರುವ ‘ಮುಟ್ಟು’ ನಮಗೆ ಮರೆತೇಹೋಗಿದೆ.

ಈ ಗೊಂದಲಕ್ಕೆ ‘ಕಣ್ಣು ತಗಲುತ್ತದೆ’ ಅನ್ನುವ ಮಾತೂ ಕಾರಣ ಅಂತ ನನಗನಿಸುತ್ತದೆ. ಅದು ದೃಷ್ಟಿಯ ವಿಷಯ, ಉಪ್ಪು ಮೆಣಸಿನಕಾಯಿ ನಿವಾಳಿಸುವಂಥದ್ದು. ‘ಕಣ್ಣು ಬರುವುದು’ ಕಾಯಿಲೆ. ಎರಡನ್ನೂ ಸುಮ್ನೆ ಕಲಸಿಬಿಟ್ಟಿದ್ದೇವೆ.

ಮೊನ್ನೆ ಲಿಫ್ಟಿನಲ್ಲಿ ಒಬ್ಬ ಹುಡುಗನಿದ್ದ. ಕಪ್ಪು ಕನ್ನಡಕ ಹಾಕಿದ್ದ. ‘ಬೇರೆಯವರಿಗೆ ಬರಬಾರದು ಅಂತ ಹಾಕಿಸಿದ್ದೀನಿ ರೀ’ ಅಂದರು ಅವನ ತಾಯಿ. ಅಷ್ಟರಲ್ಲಿ ಹುಡುಗ ಕನ್ನಡಕ ಎತ್ತಿ ಕಣ್ಣುಜ್ಜಿಕೊಂಡ. ಅದೇ ಒದ್ದೆ ಬೆರಳಿನಿಂದ ನಾಲ್ಕನೇ ಮಹಡಿಯ ಬಟನ್ ಒತ್ತಿದ. ಸೋಂಕು ಹರಡುವುದು ಹೀಗೆ. ಮುಂದೆ ಆ ಬಟನ್ ಒತ್ತಿದವರು ತಮ್ಮ ಕಣ್ಣು ಮುಟ್ಟಿಕೊಂಡರೆ ಅವರಿಗೂ ಬರಬಹುದು. ಕನ್ನಡಕದಿಂದ ಬೆಳಕು ಚುಚ್ಚುವುದು ಕಡಿಮೆಯಾಗುತ್ತದೆ, ಅಷ್ಟೇ. ನೋಡುವವರಿಗೆ ಅದರಿಂದ ರಕ್ಷಣೆಯಿಲ್ಲ.

2023ರ ಜುಲೈನಲ್ಲಿ ಇಲ್ಲೇ ಪಕ್ಕದ ಆಳಂದಿಯಲ್ಲಿ ಸಾವಿರಾರು ಜನರಿಗೆ ಕಣ್ಣು ಬಂದಿದ್ದವು. ಶಾಲೆಯ ಮಕ್ಕಳಲ್ಲಂತೂ ಜಾಸ್ತಿ. ಒಂದೇ ಬೆಂಚು, ಒಂದೇ ನಲ್ಲಿ, ಕೈಯಿಂದ ಕೈಗೆ ಹೋಗುವ ಪೆನ್ಸಿಲ್. ಇಂಥ ಕಡೆ ಒಬ್ಬರಿಂದ ಒಬ್ಬರಿಗೆ ದಾಟಲು ಎಷ್ಟು ಹೊತ್ತು ಬೇಕು?

ಹಾಗಾಗಿ ತಡೆಯಬೇಕಾದದ್ದು ಕೈಯನ್ನು. ಸೋಪು ಹಚ್ಚಿ ಆಗಾಗ ತೊಳೆಯಿರಿ. ಟವೆಲ್, ದಿಂಬಿನ ಕವರ್, ಕಾಡಿಗೆ ಬೇರೆ ಬೇರೆ ಇರಲಿ. ಒಬ್ಬರ ಡ್ರಾಪ್ಸ್ ಇನ್ನೊಬ್ಬರಿಗೆ ಹಾಕಬೇಡಿ. ಮಗುವಿನ ಕಣ್ಣು ಸೆರಗಿನಿಂದ ಒರೆಸಿ, ಅದೇ ಸೆರಗಿನಿಂದ ತಂಗಿಯ ಮುಖ ಒರೆಸುವುದನ್ನು ದಯವಿಟ್ಟು ನಿಲ್ಲಿಸಿ. ಹೀಗೆ ಊರಿಗೆಲ್ಲ ಹರಡುವುದು ಹೆಚ್ಚಾಗಿ ವೈರಸ್. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಆಂಟಿಬಯೋಟಿಕ್ ಡ್ರಾಪ್ಸ್ ವೈರಸ್ಸಿಗೆ ನಾಟುವುದಿಲ್ಲ. ಡಾಕ್ಟರನ್ನು ಕೇಳದೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಕಣ್ಣಿಗೇ ಕುತ್ತು.

ಇನ್ನೊಂದು ತಪ್ಪು ಬಳಕೆಯೂ ಇದೆ. ಕೆಂಪಗಾದ ಕಣ್ಣಿಗೆಲ್ಲ ಸೋಂಕು ಅನ್ನುವುದು. ಧೂಳು, ಹೊಗೆ, ಅಲರ್ಜಿಯಿಂದಲೂ ಕಣ್ಣು ಕೆಂಪಾಗುತ್ತದೆ, ಅದು ಯಾರಿಗೂ ಅಂಟುವುದಿಲ್ಲ. ಆದರೆ ಕಣ್ಣು ತುಂಬಾ ನೋಯುತ್ತಿದ್ದರೆ, ಬೆಳಕು ತಡೆಯಲಾಗದಿದ್ದರೆ, ನೋಟ ಮಂಜಾದರೆ ಅದಕ್ಕೆ ಏನು ಹೆಸರೆಂದು ನಾವೇ ತೀರ್ಮಾನಿಸುತ್ತ ಕೂರಬಾರದು. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.