ಸೇನೆ ಬಿಟ್ಟ ಲಾರಿ, ಊರಿನ ಬೆಂಕಿ

ಅಮೆರಿಕದ ಟೆಕ್ಸಾಸ್, ಒಕ್ಲಹೋಮ ಕಡೆಯ ಸಣ್ಣ ಊರುಗಳ ಫೈರ್ ಸ್ಟೇಷನ್ ಮುಂದೆ ಒಮ್ಮೊಮ್ಮೆ ಒಂದು ವಿಚಿತ್ರ ಲಾರಿ ಕಾಣುತ್ತದೆ. ಬಣ್ಣ ಕೆಂಪೋ ಹಳದಿಯೋ ಇರುತ್ತದೆ. ಆದರೆ ಮೂತಿ, ಚಕ್ರ, ಎತ್ತರ ಎಲ್ಲ ಮಿಲಿಟರಿಯದು. ಸೈನಿಕರು ಕೂರುತ್ತಿದ್ದ ಜಾಗದಲ್ಲಿ ನೀರಿನ ಟ್ಯಾಂಕು, ಅದರ ಪಕ್ಕ ಪಂಪು, ಸುತ್ತಿಟ್ಟ ಪೈಪು. ಡಲ್ಲಾಸ್, ಆಸ್ಟಿನ್‌ನಲ್ಲಿರುವ ನಮ್ಮವರು ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದರೆ ಇಂಥದ್ದೊಂದು ಕಣ್ಣಿಗೆ ಬಿದ್ದೀತು.

ಈ ಲಾರಿ ಯಾರದು? ಉತ್ತರ ಸುಲಭ ಅಲ್ಲ. ಒಂದು ಊರಿನಲ್ಲಿ ಅದು ಊರಿನದೇ ಆಗಿರುತ್ತದೆ. ಪಕ್ಕದ ಊರಿನಲ್ಲಿ ನಿಂತಿರುವ ಅದೇ ಮಾಡೆಲ್ ಲಾರಿ ಅರಣ್ಯ ಸೇವೆಯದಾಗಿರುತ್ತದೆ. ಮೂರನೇ ಊರಿನಲ್ಲಿರುವುದು ಇವತ್ತಿಗೂ ರಕ್ಷಣಾ ಇಲಾಖೆಯದೇ. ಎಲ್ಲವೂ ಯಾವ ವರ್ಷ, ಯಾವ ಯೋಜನೆಯಲ್ಲಿ ಬಂತು ಅನ್ನೋದರ ಮೇಲಿದೆ. 2014ರಲ್ಲಿ ಈ ಲಾರಿಗಳ ಬಗ್ಗೆ ದೊಡ್ಡ ಗಲಾಟೆ ಎದ್ದಿತು. ಆಮೇಲೆ ಪೊಲೀಸರಿಗೆ ಕೊಟ್ಟ ಮಿಲಿಟರಿ ವಾಹನಗಳ ಸುದ್ದಿಯೂ ಅದರೊಳಗೆ ಕಲೆಸಿಹೋಯಿತು. ಹಾಗಾಗಿ ಮೊದಲಿನಿಂದ ಹೇಳುವುದೇ ಒಳ್ಳೆಯದು.

ನಮ್ಮಲ್ಲಿ ಅಗ್ನಿಶಾಮಕ ದಳ ಅಂದರೆ ರಾಜ್ಯ ಸರ್ಕಾರದ ಇಲಾಖೆ. ಲಾರಿಯಿಂದ ಹಿಡಿದು ಸಂಬಳದವರೆಗೆ ಎಲ್ಲವನ್ನೂ ಸರ್ಕಾರವೇ ಕೊಡುತ್ತದೆ. ಅಮೆರಿಕದ ಹಳ್ಳಿಗಾಡಿನಲ್ಲಿ ಹಾಗಿಲ್ಲ. 2020ರ ಲೆಕ್ಕದಲ್ಲಿ ಆ ದೇಶದಲ್ಲಿ ಬೆಂಕಿ ಆರಿಸುವವರು ಸುಮಾರು 10.4 ಲಕ್ಷ. ಅವರಲ್ಲಿ 6.77 ಲಕ್ಷ ಜನ, ಅಂದರೆ ಶೇ 65ರಷ್ಟು, ಸ್ವಯಂಸೇವಕರು. ಹಗಲು ಹೊಲದಲ್ಲೋ ಗ್ಯಾರೇಜಿನಲ್ಲೋ ದುಡಿಯುವವರು. ಕರೆ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಎಷ್ಟೋ ಕಡೆ ಖರ್ಚಿಗೆ ಊರಿನ ಸಣ್ಣ ತೆರಿಗೆಯೇ ಗತಿ. ಅದು ಸಾಲದಿದ್ದರೆ ಪ್ಯಾನ್‌ಕೇಕ್ ತಿಂಡಿ ಮಾಡಿ ಬಡಿಸಿ ದುಡ್ಡು ಎತ್ತುತ್ತಾರೆ. ಹೊಸ ಫೈರ್ ಎಂಜಿನ್ನಿಗೋ ಲಕ್ಷಗಟ್ಟಲೆ ಡಾಲರು ಬೇಕು. ತಿಂಡಿ ಮಾರಿ ಅಷ್ಟು ಕೂಡಿಸೋದು ಯಾವ ಕಾಲಕ್ಕೆ?

ದುಡ್ಡಿನ ಜೊತೆ ಜಾಗದ ಸಮಸ್ಯೆಯೂ ಇದೆ. ಹಳ್ಳಿಯಲ್ಲಿ ರಸ್ತೆ ಬದಿಗೆ ನೀರಿನ ನಲ್ಲಿ ಇರುವುದಿಲ್ಲ. ಬೆಂಕಿ ಇರುವಲ್ಲಿಗೆ ನೀರನ್ನು ಹೊತ್ತುಕೊಂಡೇ ಹೋಗಬೇಕು. ಅದೂ ಮರಳು, ಕೆಸರು, ಹಳ್ಳ, ಹುಲ್ಲುಗಾವಲು ದಾಟಿ. ಪೇಟೆಯ ಫೈರ್ ಎಂಜಿನ್ ಅಂಥ ಕಡೆ ಹೂತುಕೊಂಡು ನಿಲ್ಲುತ್ತದೆ. ಆರೂ ಗಾಲಿಗೆ ಎಂಜಿನ್ ಬಲ ಕೊಡುವ ಮಿಲಿಟರಿ ಲಾರಿ ಹುಟ್ಟಿದ್ದೇ ಇಂಥ ಜಾಗಕ್ಕೆ.

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮಹಾಯುದ್ಧ ಮುಗಿದಾಗ ಉಳಿದ ಲಾರಿಗಳು ರಾಜ್ಯಗಳ ರಸ್ತೆ ಇಲಾಖೆಗಳಿಗೆ ಹೋದವು, ಕೆಲವು ಮುಂದೆ ಫೈರ್ ಎಂಜಿನ್ ಆದವು. ಎರಡನೇ ಮಹಾಯುದ್ಧಕ್ಕಾಗಿ ಜಿಎಂಸಿ ಕಂಪನಿ ಒಂದೇ ಮಾದರಿಯ ಎರಡೂವರೆ ಟನ್ ಲಾರಿಗಳನ್ನು 5 ಲಕ್ಷಕ್ಕಿಂತ ಜಾಸ್ತಿ ಮಾಡಿತ್ತು. ಯುದ್ಧ ಮುಗಿದ ಮೇಲೆ ಅವುಗಳನ್ನು ಎಲ್ಲಿಡುವುದು ಅನ್ನೋದೇ ಚಿಂತೆ ಆಯಿತು. 1949ರಲ್ಲಿ ಸರ್ಕಾರದ ಹೆಚ್ಚುವರಿ ಸಾಮಾನಿಗೊಂದು ಕಾನೂನು ಬಂತು. 1956ರಿಂದ ಕೇಂದ್ರದ ಅರಣ್ಯ ಸೇವೆ ಇಂಥ ಸಾಮಾನನ್ನು ರಾಜ್ಯಗಳಿಗೆ, ಅಲ್ಲಿಂದ ಊರುಗಳಿಗೆ ಕೊಡತೊಡಗಿತು. 1978ರ ಕಾನೂನು ಅದಕ್ಕೆ ಗಟ್ಟಿ ಬುನಾದಿ ಹಾಕಿತು. 2000ದಲ್ಲಿ ಇನ್ನೊಂದು ದಾರಿ ತೆರೆಯಿತು, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮಲೆನಾಡು, ಕೊಡಗಿನವರಿಗೆ ಇದೇನು ತೀರಾ ಹೊಸ ಕಥೆ ಅಲ್ಲ. 'ಡಿಸ್ಪೋಸಲ್ ಜೀಪು' ಅನ್ನೋ ಮಾತು ಅಲ್ಲಿ ಎಲ್ಲರಿಗೂ ಗೊತ್ತು. ಸೇನೆ ಹರಾಜು ಹಾಕಿದ ಜೀಪುಗಳು ತೋಟಕ್ಕೆ ಬಂದವು, ಲಾರಿಗಳು ನಾಟಾ ಎಳೆಯುವುದಕ್ಕೆ ಹೋದವು. ಕಾಡಿಗೆ ಬೆಂಕಿ ಬಿದ್ದರೆ ಮಾತ್ರ ಇವತ್ತಿಗೂ ಹಸಿ ಸೊಪ್ಪಿನಲ್ಲಿ ಬಡಿದು ಆರಿಸುವುದೇ ಜಾಸ್ತಿ.

ಈಗ ನಿಜವಾದ ವಿಷಯಕ್ಕೆ ಬರೋಣ. 1970ರಿಂದ 2000ದ ಆಚೀಚೆಯವರೆಗೆ ಹಳ್ಳಿ ಫೈರ್ ಸ್ಟೇಷನ್‌ಗಳನ್ನು ಆಳಿದ ಲಾರಿ ಎಂ-35. ಜನ ಕರೆಯುವುದು 'ಡ್ಯೂಸ್ ಅಂಡ್ ಎ ಹಾಫ್', ಅಂದರೆ ಎರಡೂವರೆ. 1950ರ ಹೊತ್ತಿಗೆ ರಿಯೊ ಕಂಪನಿ ಇದನ್ನು ರೂಪಿಸಿತು. ಇದರ ಎ-2 ಮಾದರಿಯ ಎಂಜಿನ್ ಹೊಟ್ಟೆಬಾಕ, ಬೇಧಭಾವ ಇಲ್ಲ. ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ಯಾವುದು ಹಾಕಿದರೂ ಉರಿಸುತ್ತದೆ. ವೇಗ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ. ಪವರ್ ಸ್ಟೀರಿಂಗ್ ಇಲ್ಲ. ತಿರುವಿನಲ್ಲಿ ತೋಳಿನ ಬಲವೇ ಬಲ.

ಇಂಥ ಲಾರಿ ಊರಿಗೆ ಬಂತು ಅಂದುಕೊಳ್ಳಿ. ಮೊದಲ ಕೆಲಸ ಹಸಿರು ಬಣ್ಣ ತೆಗೆಯುವುದು. ಅದು ಅಂದಕ್ಕಲ್ಲ, ನಿಯಮ. ಮಿಲಿಟರಿ ಬಣ್ಣದಲ್ಲಿ ಓಡಿಸುವ ಹಾಗಿಲ್ಲ. ಎರಡನೆಯದು ಕರೆಂಟು. ಮಿಲಿಟರಿ ಲಾರಿಗೆ 24 ವೋಲ್ಟ್. ಅಂಗಡಿಯಲ್ಲಿ ಸಿಗುವ ಸೈರನ್, ಮಿನುಗುವ ದೀಪ, ವಾಕಿಟಾಕಿ ಸಾಮಾನ್ಯವಾಗಿ 12 ವೋಲ್ಟಿನವು. ಹಾಗೇ ಜೋಡಿಸಿದರೆ ಸುಟ್ಟುಹೋಗುತ್ತವೆ. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ತಂತಿ ಎಳೆದು ಕೆಲಸ ಸಾಗಿಸಿದವರೂ ಇದ್ದಾರೆ. ಹಾಗೆ ಮಾಡಿದರೆ ಎರಡೂ ಬ್ಯಾಟರಿ ಬೇಗ ಹಾಳು. ಸರಿಯಾದ ದಾರಿ ನಡುವೆ ಒಂದು ಪರಿವರ್ತಕ ಹಾಕುವುದು. ಅದಕ್ಕೂ ದುಡ್ಡು.

ಆಮೇಲೆ ಪಂಪು. ಲಾರಿಯ ಎಂಜಿನ್‌ನಿಂದಲೇ ಪಂಪು ತಿರುಗಿಸಬಹುದು. ಆದರೆ ಹುಲ್ಲಿನ ಬೆಂಕಿಯಲ್ಲಿ ಲಾರಿ ನಿಧಾನ ಮುಂದೆ ಹೋಗುತ್ತಿರುವಾಗಲೇ ನೀರು ಹಾರಿಸಬೇಕು. ಲಾರಿ ನಿಧಾನವಾದರೆ ನೀರಿನ ಒತ್ತಡ ಇಳಿಯಬಾರದು. ಅದಕ್ಕೇ ಹೆಚ್ಚಿನವರು ಬೇರೆ ಸಣ್ಣ ಎಂಜಿನ್ ಇರುವ ಪಂಪನ್ನೇ ಹಿಂದೆ ಕೂರಿಸುತ್ತಾರೆ.

ಇನ್ನು ಟ್ಯಾಂಕು. ಇಡೀ ಕಥೆಯ ಗಂಟು ಇರುವುದು ಇಲ್ಲೇ.

ಅಮೆರಿಕದ ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. 1,000 ಗ್ಯಾಲನ್ ನೀರು ಅಂದರೆ 3,785 ಕೆ.ಜಿ. ಎಂ-35 ಲಾರಿ ರಸ್ತೆ ಬಿಟ್ಟು ಇಳಿದಾಗ ಹೊರಬಹುದಾದ ಭಾರ ಎರಡೂವರೆ ಅಮೆರಿಕನ್ ಟನ್, ಅಂದರೆ ಸುಮಾರು 2,270 ಕೆ.ಜಿ. ಡಾಂಬರು ರಸ್ತೆಯಲ್ಲಾದರೆ ಅದರ ಎರಡರಷ್ಟು. ಲೆಕ್ಕ ಕೂಡಿಸಿ ನೋಡಿ. 1,000 ಗ್ಯಾಲನ್ ತುಂಬಿಕೊಂಡು ಹೊಲಕ್ಕಿಳಿದರೆ ನೀರೊಂದೇ ಮಿತಿಗಿಂತ ಒಂದೂವರೆ ಟನ್ ಜಾಸ್ತಿ. ಅದರ ಮೇಲೆ ಕಬ್ಬಿಣದ ಟ್ಯಾಂಕು, ಪಂಪು, ಪೈಪು, ಜನ. ಲೆಕ್ಕದ ಪ್ರಕಾರ 500 ಗ್ಯಾಲನ್ ಸರಿ. ಆದರೆ ಹಿಂದಿನ ಜಾಗ ನೋಡಿದರೆ 1,000ದ ಟ್ಯಾಂಕು ಆರಾಮಾಗಿ ಕೂರುತ್ತದೆ. ಬೆಂಕಿ ನೋಡಿದವರಿಗೆ ನೀರು ಎಷ್ಟಿದ್ದರೂ ಸಾಲದು. ಕೂರುತ್ತದೆ ಅಂದಮೇಲೆ ಕೂರಿಸಿಯೇ ಬಿಟ್ಟರು.

ಭಾರಕ್ಕಿಂತ ಕೆಟ್ಟದ್ದು ನೀರಿನ ಕುಣಿತ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತೇವಲ್ಲ, ಟ್ಯಾಂಕಿಗೂ ಅದೇ ಮಾತು. ಪೂರ್ತಿ ತುಂಬಿದ್ದು ಸುಮ್ನೆ ಇರುತ್ತದೆ. ಅರ್ಧ ಖಾಲಿಯಾದದ್ದು ತಿರುವಿನಲ್ಲಿ ಒಂದೇ ಕಡೆಗೆ ನುಗ್ಗುತ್ತದೆ, ಲಾರಿಯನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕಿನೊಳಗೆ ಅಡ್ಡ ತಟ್ಟೆಗಳನ್ನು ಹಾಕಿ ನೀರನ್ನು ಕೋಣೆ ಕೋಣೆಯಾಗಿ ಒಡೆದರೆ ಈ ಓಟ ಕಡಿಮೆಯಾಗುತ್ತದೆ. ಹಳೆಯ ಹಾಲಿನ ಟ್ಯಾಂಕೋ ಎಣ್ಣೆ ಟ್ಯಾಂಕೋ ತಂದು ಕೂರಿಸಿದರೆ ತಟ್ಟೆ ಇರಬಹುದು, ಇಲ್ಲದಿರಬಹುದು. ಎಣ್ಣೆ ಟ್ಯಾಂಕಿಗೆ ಇನ್ನೊಂದು ತೊಂದರೆ. ಎಣ್ಣೆ ನೀರಿಗಿಂತ ಹಗುರ. ಅಷ್ಟೇ ದೊಡ್ಡ ಟ್ಯಾಂಕಿಗೆ ನೀರು ತುಂಬಿದರೆ ಭಾರ ಏರುತ್ತದೆ.

ಇದಕ್ಕೆಲ್ಲ ಬ್ರೇಕು ಸೇರಿಸಿ. ಎಂ-35 ಎ-2ರಲ್ಲಿ ಗಾಳಿಯ ಬಲದಿಂದ ಎಣ್ಣೆ ಒತ್ತುವ ಬ್ರೇಕು, ಅದೂ ಒಂದೇ ಸಾಲಿನದು. ಒಂದು ಕಡೆ ಪೈಪು ಒಡೆದರೆ ಆರೂ ಗಾಲಿಯ ಬ್ರೇಕು ಹೋಯಿತು. ಆಮೇಲೆ ಉಳಿಯುವುದು ಹ್ಯಾಂಡ್ ಬ್ರೇಕು ಮತ್ತು ದೇವರು. ಸೈನ್ಯದ ಗ್ಯಾರೇಜಿನಲ್ಲಿ ಅದನ್ನು ನೋಡಿಕೊಳ್ಳಲು ಜನ ಇದ್ದರು, ವೇಳಾಪಟ್ಟಿ ಇತ್ತು. ಹಳ್ಳಿಯ ಶೆಡ್ಡಿನಲ್ಲಿ ಬಿಡುವಾದಾಗ ನೋಡುವವರೇ ಮೆಕ್ಯಾನಿಕ್.

ಬೆಂಕಿಯಲ್ಲಿ ಸುಟ್ಟು ಸತ್ತವರದಲ್ಲದೆ, ರಸ್ತೆಯಲ್ಲಿ ಸತ್ತ ಅಗ್ನಿಶಾಮಕರ ಪಟ್ಟಿಯೂ ಹೀಗೆ ಬೆಳೆಯಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 2001ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 1977ರಿಂದ 1999ರವರೆಗೆ ನೀರಿನ ಟ್ಯಾಂಕರ್ ಅಪಘಾತಗಳಲ್ಲಿ 73 ಮಂದಿ ಅಗ್ನಿಶಾಮಕರು ಸತ್ತಿದ್ದರು. ಅವರಲ್ಲಿ 54 ಮಂದಿ ಸತ್ತಿದ್ದು ಯಾವುದಕ್ಕೂ ಡಿಕ್ಕಿ ಹೊಡೆಯದೆ ಟ್ಯಾಂಕರ್ ಪಲ್ಟಿಯಾಗಿ. ಇವೆಲ್ಲ ಮಿಲಿಟರಿ ಲಾರಿಗಳಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಹಾಲು, ಎಣ್ಣೆ ಸಾಗಿಸುತ್ತಿದ್ದ ಲಾರಿಗಳನ್ನೂ ಹೀಗೇ ಬದಲಾಯಿಸುತ್ತಿದ್ದರು. ಬೇರೆ ಕೆಲಸಕ್ಕೆ ಹುಟ್ಟಿದ ಲಾರಿಯ ಮೇಲೆ ನೀರು ಹೊರಿಸುವ ಕಷ್ಟ ಮಾತ್ರ ಎಲ್ಲದಕ್ಕೂ ಒಂದೇ.

ತಿಳಿವಳಿಕೆ ಇರಲಿಲ್ಲ ಅಂತಲ್ಲ. ಮಿಷಿಗನ್ ರಾಜ್ಯದ ರಾಸ್ಕಾಮನ್ ಎಂಬಲ್ಲಿ ಒಂದು ಉಪಕರಣ ಕೇಂದ್ರವಿದೆ. 1970ರ ದಶಕದಿಂದ ಅವರ ಕೆಲಸವೇ ಇದು. ಯಾವ ಮಿಲಿಟರಿ ಲಾರಿಗೆ ಎಷ್ಟು ದೊಡ್ಡ ಟ್ಯಾಂಕು, ಎಲ್ಲಿ ಕೂರಿಸಬೇಕು, ಹೇಗೆ ಬಿಗಿಯಬೇಕು ಅಂತ ನಕ್ಷೆ ಮಾಡಿ ಹಂಚುವುದು. 1995ರಲ್ಲಿ ಕಾಡಿನ ಬೆಂಕಿಯ ವಾಹನಗಳಿಗೆಂದೇ 1906 ಸಂಖ್ಯೆಯ ರಾಷ್ಟ್ರೀಯ ಮಾನದಂಡವೂ ಬಂತು. ಆದರೆ ಮಾನದಂಡ ಅಂದರೆ ಕಾನೂನಲ್ಲ. ನಕ್ಷೆ ಇತ್ತು, ಲೆಕ್ಕ ಇತ್ತು, ವೇಬ್ರಿಡ್ಜ್‌ಗೆ ಲಾರಿ ಹತ್ತಿಸಿ ತೂಕ ನೋಡುವ ಅಭ್ಯಾಸ ಮಾತ್ರ ಎಲ್ಲ ಕಡೆ ಇರಲಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಈ ಎಮ್ಮೆಯ ಹಲ್ಲನ್ನಂತೂ ಎಣಿಸಲೇಬೇಕಿತ್ತು.

ಡ್ಯೂಸ್ ನಂತರ ಬಂದದ್ದು ಐದು ಟನ್ನಿನ ಎಂ-939 ಸಾಲಿನ ಲಾರಿ, 1980ರ ದಶಕದ್ದು. ಕಮಿನ್ಸ್ ಎಂಜಿನ್, ತಾನೇ ಗೇರು ಬದಲಿಸುವ ಆಲಿಸನ್ ಪೆಟ್ಟಿಗೆ, ಪೂರ್ತಿ ಏರ್ ಬ್ರೇಕು. ಸ್ವಯಂಸೇವಕರಿಗೆ ಇದು ವರ ಅನ್ನಿಸಿತು, ಯಾರು ಬೇಕಾದರೂ ಓಡಿಸಬಹುದು. ಆದರೆ ಈ ಲಾರಿ ಜಾರುತ್ತದೆ, ಪಲ್ಟಿಯಾಗುತ್ತದೆ ಅಂತ 1990ರ ದಶಕದಲ್ಲಿ ಸೇನೆಯೇ ಗಂಟೆಗೆ 40 ಮೈಲಿಯ ಮಿತಿ ಹಾಕಿ, ಆಮೇಲೆ ಬ್ರೇಕು ಜಾಮ್ ಆಗದ ವ್ಯವಸ್ಥೆ ಜೋಡಿಸಲು ಹೊರಟಿತ್ತು. ಊರಿಗೆ ಬಂದ ಲಾರಿಯ ಜೊತೆ ಈ ಎಚ್ಚರಿಕೆಯೂ ಬಂದಿರಬೇಕು ಅಂತ ನಾವು ಆಸೆಪಡಬಹುದು.

ಈಗ ಒಡೆತನದ ಪ್ರಶ್ನೆ. 1956ರ ಹಳೇ ಯೋಜನೆಯಲ್ಲಿ ಲಾರಿ ಬರುವುದು ಸಾಲವಾಗಿ. ಒಡೆತನ ಅರಣ್ಯ ಸೇವೆಯದು. ಶೇ 90ರಷ್ಟು ಬೆಂಕಿಯ ಕೆಲಸಕ್ಕೇ ಬಳಸಬೇಕು. ಲೆಕ್ಕ ಕೊಡುತ್ತಿರಬೇಕು, ಮಾರುವಂತಿಲ್ಲ. 2000ದ ಕಾನೂನಿನಿಂದ ಬಂದ ಹೊಸ ಯೋಜನೆಯಲ್ಲಿ ರಕ್ಷಣಾ ಇಲಾಖೆಯ ಸಾಮಾನು ಬೇಗ ಸಿಗುತ್ತದೆ, ಬಳಕೆಗೆ ತಂದು ಷರತ್ತು ಮುಗಿಸಿದರೆ ಊರಿನ ಹೆಸರಿಗೇ ಆಗುತ್ತದೆ. ಊರುಗಳು ಸಹಜವಾಗಿ ಎರಡನೆಯದನ್ನೇ ಇಷ್ಟಪಟ್ಟವು. ಟೆಕ್ಸಾಸ್‌ನಲ್ಲಿ ಲಾರಿ ಕೈಗೆ ಬಂದ 180 ದಿನದೊಳಗೆ ಬಣ್ಣ, ಟ್ಯಾಂಕು, ಪಂಪು ಎಲ್ಲ ಮುಗಿಸಬೇಕು.

2014ರ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಸರಬರಾಜು ನಿಂತಿತು. ಕಾರಣ ಹೊಗೆ. ಮಿಲಿಟರಿ ಎಂಜಿನ್‌ಗಳಿಗೆ ದೇಶದ ರಕ್ಷಣೆಯ ಹೆಸರಿನಲ್ಲಿ ಹೊಗೆ ನಿಯಮದಿಂದ ವಿನಾಯಿತಿ ಇತ್ತು. ಕೇಂದ್ರ ಸರ್ಕಾರದ ಪರಿಸರ ಸಂಸ್ಥೆ ಮತ್ತು ರಕ್ಷಣಾ ಇಲಾಖೆ ನಡುವೆ ಎಷ್ಟೋ ವರ್ಷ ಹಿಂದಿನ ಒಪ್ಪಂದವೂ ಇತ್ತು. ಸೇನೆಯ ಕೈ ಬಿಟ್ಟ ಮೇಲೆ ಆ ವಿನಾಯಿತಿ ಸಲ್ಲದು, ಅಂಥ ವಾಹನ ಒಡೆದುಹಾಕಬೇಕು ಅನ್ನುವುದು ಅದರ ಸಾರ. ಒಪ್ಪಂದ ಹಳೆಯದು, ನೆನಪಾದದ್ದು ಮಾತ್ರ ಆಗ. ಒಕ್ಲಹೋಮ ರಾಜ್ಯ ಕೂಡಲೇ ಬೊಬ್ಬೆ ಹಾಕಿತು. ಅಲ್ಲಿ ಇಂಥ 8,800ಕ್ಕೂ ಹೆಚ್ಚು ವಾಹನ, ಉಪಕರಣಗಳು ಬಳಕೆಯಲ್ಲಿದ್ದವು. ಬೆಲೆ 15 ಕೋಟಿ ಡಾಲರಿಗೂ ಮೇಲೆ. ವರ್ಷದಲ್ಲಿ ಕೆಲವೇ ಗಂಟೆ ಓಡುವ ಲಾರಿ ಉಗುಳುವ ಹೊಗೆ ಎಷ್ಟು, ಅದು ಆರಿಸುವ ಹುಲ್ಲುಬೆಂಕಿಯ ಹೊಗೆ ಎಷ್ಟು ಅನ್ನೋ ಪ್ರಶ್ನೆಯೂ ಎದ್ದಿತು. ಕೇಳುವಂಥ ಪ್ರಶ್ನೆಯೇ, ಅಲ್ವಾ?

ಜುಲೈ ಎರಡನೇ ವಾರದ ಹೊತ್ತಿಗೆ ತಡೆ ತೆರವಾಯಿತು. ಆದರೆ ಒಂದು ಷರತ್ತಿನ ಮೇಲೆ. ಹೊಗೆ ನಿಯಮಕ್ಕೆ ಹೊಂದದ ವಾಹನಗಳ ಒಡೆತನವನ್ನು ರಕ್ಷಣಾ ಇಲಾಖೆಯೇ ಇಟ್ಟುಕೊಳ್ಳುತ್ತದೆ. ಊರು ಬಳಸಬಹುದು, ಮಾರುವಂತಿಲ್ಲ, ಕೆಲಸ ಮುಗಿದ ಮೇಲೆ ವಾಪಸು. ಹೀಗೆ ಶುರುವಿನಲ್ಲಿ ಹೇಳಿದ ಮೂರನೇ ಉತ್ತರ ಹುಟ್ಟಿತು.

ಮುಂದಿನ ತಿಂಗಳೇ ಮಿಸೌರಿಯ ಫರ್ಗ್ಯೂಸನ್‌ನಲ್ಲಿ ಪ್ರತಿಭಟನೆಗಳ ಎದುರು ಪೊಲೀಸರು ಸೈನಿಕರಂತೆ ಬಂದು ನಿಂತರು. ಇಡೀ ದೇಶ ಮಿಲಿಟರಿ ಸಾಮಾನಿನ ಹಂಚಿಕೆಯ ಬಗ್ಗೆ ಮಾತಾಡತೊಡಗಿತು. ಪೊಲೀಸರಿಗೆ ಹೋಗುವುದು '1033' ಎಂಬ ಬೇರೆಯೇ ಯೋಜನೆಯಲ್ಲಿ. ಅದರ ಕಾನೂನು ಬೇರೆ, ಕಚೇರಿ ಬೇರೆ. ಆದರೆ ದೂರದಿಂದ ನೋಡುವವರಿಗೆ ಎಲ್ಲ ಹಸಿರು ಲಾರಿಯೂ ಒಂದೇ. ಬೆಂಕಿ ಆರಿಸುವ ಲಾರಿ ಸುಮ್ನೆ ಆ ಜಗಳದ ನಡುವೆ ಸಿಕ್ಕಿಕೊಂಡಿತು.

ಈಗ ಬರುತ್ತಿರುವುದು ಎಲ್‌ಎಂಟಿವಿ ಎಂಬ ಹೊಸ ಪೀಳಿಗೆ. ಆಸ್ಟ್ರಿಯಾದ ಸ್ಟೈಯರ್ ಲಾರಿಯ ವಿನ್ಯಾಸ, ತಯಾರಾದದ್ದು ಟೆಕ್ಸಾಸ್‌ನ ಸೀಲಿಯಲ್ಲಿ. 2024ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಉತ್ತರ ತುದಿಯಲ್ಲಿ 10 ಲಕ್ಷ ಎಕರೆಗೂ ಹೆಚ್ಚು ಸುಟ್ಟುಹೋಯಿತು. ಅಂಥ ಬಯಲಿಗೆ ಇಳಿಯಲು ಇಂಥದ್ದೇ ಲಾರಿ ಬೇಕು, ಹಾಗಾಗಿ ಬೇಡಿಕೆ ಇಳಿದಿಲ್ಲ. ಆದರೆ ಇದರೊಳಗೆ ತಂತಿ, ಸೆನ್ಸರ್ ಜಾಸ್ತಿ. ಡ್ಯೂಸ್ ಕೆಟ್ಟರೆ ಸ್ಪ್ಯಾನರ್ ಹಿಡಿದು ರಿಪೇರಿ ಮಾಡುತ್ತಿದ್ದವರು ಇದರ ಮುಂದೆ ತಲೆ ಕೆರೆದುಕೊಳ್ಳುತ್ತಾರೆ.

ಹಳೇ ಡ್ಯೂಸ್‌ಗಳು ಒಂದೊಂದಾಗಿ ನಿಲ್ಲುತ್ತಿವೆ. ನಿಂತ ಲಾರಿಯಿಂದ ಮೊದಲು ಟ್ಯಾಂಕು, ಪಂಪು, ಸೈರನ್ ಬಿಚ್ಚುತ್ತಾರೆ. ಅವು ಊರಿನ ದುಡ್ಡಿನವು, ಮುಂದಿನ ಲಾರಿಗೆ ಬೇಕು. ಸಾಲವಾಗಿ ಬಂದ ಲಾರಿಯಾದರೆ ಉಳಿದ ಮೈ ಊರಿನದಲ್ಲ. ಅದನ್ನು ಕರೆದೊಯ್ಯುವ ಕಾಗದ ಬರುವವರೆಗೆ ಸ್ಟೇಷನ್ ಹಿಂದೆ ಹುಲ್ಲಿನಲ್ಲಿ ನಿಂತಿರುತ್ತದೆ. ಕೆಂಪು ಬಣ್ಣ ಎದ್ದಲ್ಲಿ ಕೆಳಗಿನ ಹಸಿರು ಕಾಣುತ್ತದೆ.