ಇಸವಿ ನೋಡಿ ಹರಾಜು ಕೂಗಬೇಡಿ

ವಿಕ್ಟೋರಿಯಾ ಕಾಲದ ಕವನ ಸಂಕಲನಗಳ ಮೊದಲ ಆವೃತ್ತಿ ಕೊಳ್ಳಬೇಕು ಅಂತ ನನ್ನ ಹತ್ತಿರ ಸಲಹೆಗೆ ಬರುವವರು ಮೊದಲು ತೋರಿಸುವುದೇ ಶೀರ್ಷಿಕೆ ಪುಟದ ಫೋಟೋ. ‘ನೋಡಿ ಸಾರ್, 1846 ಅಂತ ಇದೆಯಲ್ಲ’ ಅನ್ನುತ್ತಾರೆ. ಇದೆ, ಸರಿ. ಕೆಳಗೆ ಪ್ರಕಾಶಕರ ಹೆಸರು ಯಾವುದಿದೆ?

ಬ್ರಾಂಟೆ ಅಕ್ಕತಂಗಿಯರ ಕವನಗಳನ್ನೇ ತೆಗೆದುಕೊಳ್ಳಿ. ಶಾರ್ಲೆಟ್, ಎಮಿಲಿ, ಆನ್ ಮೂವರೂ ಕರರ್, ಎಲ್ಲಿಸ್, ಆಕ್ಟನ್ ಬೆಲ್ ಅನ್ನೋ ಹೆಸರಿನ ಮರೆಯಲ್ಲಿ ನಿಂತು, ಕೈಯಿಂದ ದುಡ್ಡು ಹಾಕಿ, ಲಂಡನ್ನಿನ ಆಯ್ಲಟ್ ಅಂಡ್ ಜೋನ್ಸ್ ಮೂಲಕ ತಂದ ಪುಸ್ತಕ ಅದು. ವರ್ಷ ಕಳೆದರೂ ಮಾರಾಟವಾದದ್ದು ಎರಡೇ ಪ್ರತಿ. 1847ರಲ್ಲಿ ಶಾರ್ಲೆಟ್ ಬರೆದ ಕಾದಂಬರಿ ‘ಜೇನ್ ಐರ್’ ಬಂತು, ಹೆಸರಾಯಿತು. ಅದರ ಪ್ರಕಾಶಕರಾದ ಸ್ಮಿತ್, ಎಲ್ಡರ್ 1848ರಲ್ಲಿ ಕವನಗಳ ಉಳಿದ ದಾಸ್ತಾನನ್ನು ಕೊಂಡು, ಹಳೆ ಶೀರ್ಷಿಕೆ ಪುಟ ತೆಗೆದು ತಮ್ಮ ಹೆಸರಿನದು ಹಾಕಿದರು. ಇಸವಿ ಮಾತ್ರ 1846 ಅಂತಲೇ ಬಿಟ್ಟರು. ಒಳಗಿನ ಹಾಳೆಗಳು ಅವೇ, ಅಚ್ಚಾದದ್ದೂ ಆಗಲೇ, ಆದರೆ ಹರಾಜಿನಲ್ಲಿ ಎರಡರ ಬೆಲೆಗೂ ಅಜಗಜಾಂತರ. ಹಾಗಾಗಿ ಶೀರ್ಷಿಕೆ ಪುಟದ ಬುಡ, ಅಂದರೆ ಹೊಲಿಗೆಯ ಹತ್ತಿರದ ಜಾಗ, ಕಾಣುವ ಹಾಗೆ ಇನ್ನೊಂದು ಫೋಟೋ ಕಳಿಸಿ ಅಂತ ಹರಾಜು ಸಂಸ್ಥೆಯನ್ನು ಕೇಳಿ. ಹಾಳೆ ಆಮೇಲೆ ಅಂಟಿಸಿದ್ದಾದರೆ ಅಲ್ಲೇ ಗೊತ್ತಾಗುತ್ತದೆ. ಕೇಳಿದರೆ ಕಳಿಸುತ್ತಾರೆ, ಸಂಕೋಚ ಬೇಡ.

ಇದು ವ್ಯಾಪಾರದ ಜಾಣತನ. ಶುದ್ಧ ಮೋಸದ ಕತೆ ಬೇರೆ ಇದೆ. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ‘ಸಾನೆಟ್ಸ್ ಫ್ರಮ್ ದ ಪೋರ್ಚುಗೀಸ್’ ಅನ್ನೋ ಸಾನೆಟ್ಟುಗಳು 1850ರ ಸಂಕಲನದಲ್ಲಿ ಮೊದಲು ಬಂದವು. ಆದರೆ ‘ರೆಡಿಂಗ್, 1847’ ಅಂತ, ಇಂಗ್ಲೆಂಡಿನ ರೆಡಿಂಗ್ ಊರಿನ ಹೆಸರು ಹಾಕಿ ಅಚ್ಚಾದ ಒಂದು ಕಿರುಪುಸ್ತಕವೂ ಓಡಾಡುತ್ತಿತ್ತು, ಸಂಗ್ರಾಹಕರು ಮುಗಿಬಿದ್ದು ಕೊಂಡರು. ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್ ಅನ್ನೋ ಇಬ್ಬರು ತರುಣ ಪುಸ್ತಕ ವ್ಯಾಪಾರಿಗಳು ಇಂಥ ಒಂದಷ್ಟು ಕಿರುಪುಸ್ತಕಗಳ ಕಾಗದವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷೆ ಮಾಡಿಸಿ, ಕಂಡದ್ದನ್ನು 1934ರಲ್ಲಿ ಪ್ರಕಟಿಸಿದರು. ಎಸ್ಪಾರ್ಟೊ ಹುಲ್ಲಿನ ನಾರು ಇಂಗ್ಲೆಂಡಿನ ಕಾಗದಕ್ಕೆ ಬಂದದ್ದೇ 1861ರ ಸುಮಾರಿಗೆ, ರಾಸಾಯನಿಕವಾಗಿ ತಯಾರಿಸಿದ ಮರದ ತಿರುಳು ಇನ್ನೂ ಆಮೇಲೆ. 1847ರ ಪುಸ್ತಕದಲ್ಲಿ ಇವು ಹೇಗೆ ಇರುತ್ತವೆ, ಅಲ್ವಾ? ಹಲವದರಲ್ಲಿ ಅಚ್ಚುಮೊಳೆಯೂ 1880ರ ನಂತರದ್ದು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಥಾಮಸ್ ಜೆ. ವೈಸ್, ಆ ಕಾಲದ ಅತಿ ದೊಡ್ಡ ಗ್ರಂಥಸೂಚಿಕಾರ, ಅಂದರೆ ಯಾವ ಪುಸ್ತಕ ಯಾವಾಗ ಎಲ್ಲಿ ಅಚ್ಚಾಯಿತು ಅಂತ ಪಟ್ಟಿ ಮಾಡುವವನು! ತಮಾಷೆ ಅಂದರೆ, ವೈಸ್ ಮಾಡಿಸಿದ ನಕಲಿ ಅಂತ ಗೊತ್ತಿದ್ದೂ ಅದನ್ನೇ ಹುಡುಕಿ ಕೊಳ್ಳುವವರು ಈಗ ಇದ್ದಾರೆ, ನಾನಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಬೈಂಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಮೇಲೆ ಹಾಕಿಸಿದ ಚಿನ್ನದ ಗೆರೆಯ ಚರ್ಮಕ್ಕಿಂತ ಪ್ರಕಾಶಕರೇ ಹಾಕಿದ ಮಾಸಲು ಬಟ್ಟೆ ರಟ್ಟಿಗೇ ಸಾಮಾನ್ಯವಾಗಿ ಬೆಲೆ ಜಾಸ್ತಿ.

ಇನ್ನು ದುಡ್ಡು. ಸುತ್ತಿಗೆ ಬಿದ್ದ ಬೆಲೆಯೇ ಕೊಡಬೇಕಾದ ಬೆಲೆ ಅಂದುಕೊಂಡು ಸುಮ್ನೆ ಕೂಗಬೇಡಿ. 1,000 ಪೌಂಡಿಗೆ ನಿಮ್ಮದಾಯಿತು, ಸಂಸ್ಥೆಯ ಕಮಿಷನ್ ಶೇಕಡಾ 25 ಅಂತಿಟ್ಟುಕೊಂಡರೆ ಅಲ್ಲಿಗೇ 1,250, ಮೇಲೆ ತೆರಿಗೆ, ಸಾಗಣೆ, ವಿಮೆ. ಕ್ಯಾಟಲಾಗಿನಲ್ಲಿ ‘ಎಲ್ಲ ದೋಷಗಳ ಸಮೇತ’ ಅನ್ನೋ ಒಕ್ಕಣೆ ಇದ್ದರೆ, ಮನೆಗೆ ಬಂದ ಮೇಲೆ ನಾಲ್ಕು ಪುಟ ಇಲ್ಲ ಅಂತ ಗೊತ್ತಾದರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಳೆಗಳನ್ನು ಒಂದೊಂದಾಗಿ ಎಣಿಸಿದ್ದೀರಾ ಅಂತ ಕೂಗುವ ಮುಂಚೆಯೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಂಡಿರಿ.