ಪದ ಪರಿಚಯ: ಶೀತಹಾನಿ

ಹಣ್ಣು ಹೆಪ್ಪುಗಟ್ಟುವಷ್ಟಲ್ಲದಿದ್ದರೂ ಅದಕ್ಕೆ ಒಗ್ಗದಷ್ಟು ತಂಪಿನಲ್ಲಿ ಬಹಳ ಹೊತ್ತು ಇಟ್ಟಾಗ ಜೀವಕೋಶಗಳಿಗೆ ಬೀಳುವ ಪೆಟ್ಟಿಗೆ ಶೀತಹಾನಿ ಎನ್ನುತ್ತಾರೆ. ಬಾಳೆಗೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಕು, ತೊಂದರೆ ಶುರು. ಮಾವಿನದೂ ಹೆಚ್ಚುಕಡಿಮೆ ಅದೇ ಗಡಿ. ದಾಳಿಂಬೆ 5 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ. ಸೇಬಿನ ಅನೇಕ ತಳಿಗಳು 0 ಡಿಗ್ರಿಯ ಆಸುಪಾಸಿನಲ್ಲೂ ತಿಂಗಳುಗಟ್ಟಲೆ ಚೆನ್ನಾಗಿರುತ್ತವೆ. ಹಾನಿ ಬಹುತೇಕ ಮೊದಲು ಎದ್ದು ಕಾಣುವುದು ಸಿಪ್ಪೆಯಲ್ಲಿ. ಎಷ್ಟೋ ಹಣ್ಣುಗಳಲ್ಲಿ, ಆಮ್ಲಜನಕದಿಂದಾಗುವ ಕೆಡುಕಿನಿಂದ ಜೀವಕೋಶಗಳನ್ನು ಕಾಯುವ ಆಂಟಿಆಕ್ಸಿಡೆಂಟ್‌ಗಳು ದಟ್ಟವಾಗಿರುವುದೂ ಅಲ್ಲೇ. ಹಾಗಾಗಿ ‘ತಂಪಾದಷ್ಟೂ ಪೋಷಕಾಂಶ ಉಳಿಯುತ್ತದೆ’ ಎಂಬ ಮಾತನ್ನು ಎಲ್ಲ ಹಣ್ಣಿಗೂ ಅನ್ವಯಿಸುವುದು ತಪ್ಪು.

ಆ ಮಾತಿನಲ್ಲಿ ಅರ್ಧ ಸತ್ಯವಂತೂ ಇದೆ. ಕಿತ್ತ ಮೇಲೂ ಹಣ್ಣಿಗೆ ಜೀವವಿರುತ್ತದೆ, ಅದು ಉಸಿರಾಡುತ್ತಲೇ ಇರುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಅದರೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಸಾಮಾನ್ಯವಾಗಿ ಎರಡು-ಮೂರು ಪಟ್ಟಾಗುತ್ತದೆ. ಲಿಚಿಯ ಸಿಪ್ಪೆಗೆ ಕೆಂಪು ಕೊಡುವ ಆಂಥೋಸಯನಿನ್ ಎಂಬ ಆಂಟಿಆಕ್ಸಿಡೆಂಟ್ ಹೊರಗಿಟ್ಟ ಕೆಲವೇ ದಿನಗಳಲ್ಲಿ ಒಡೆದು ಸಿಪ್ಪೆ ಕಂದಾಗುತ್ತದೆ. ತಂಪಿನಲ್ಲಿಟ್ಟರೆ ಅದೇ ಬಣ್ಣ ವಾರಗಳ ಕಾಲ ಬಾಳುತ್ತದೆ.

ತಂಪು ಆಯಾ ಹಣ್ಣಿನ ಗಡಿ ದಾಟಿದ ಮೇಲೆ ಕಥೆ ಬದಲಾಗುತ್ತದೆ. ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಚಳಿಗೆ ಬಿಗಿದು ಪೊರೆ ಸೋರತೊಡಗುತ್ತದೆ. ಉಸಿರಾಟದ ಸರಪಳಿ ಮುಗ್ಗರಿಸಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಜೀವಕೋಶವನ್ನು ಕೆಡಿಸುವ ಚುರುಕು ಆಮ್ಲಜನಕ ರೂಪಗಳು ಕೂಡಿಕೊಳ್ಳುತ್ತವೆ. ಅವನ್ನು ತಣಿಸಲು ಆಂಟಿಆಕ್ಸಿಡೆಂಟ್‌ಗಳಾದ ಸಿ ವಿಟಮಿನ್, ಗ್ಲುಟಾಥಯೋನ್, ಫೀನಾಲ್‌ಗಳು ಖರ್ಚಾಗುತ್ತವೆ. ಸಿಪ್ಪೆಯೂ ಸುಮ್ಮನಿರುವುದಿಲ್ಲ. ಫಿನೈಲಲನಿನ್ ಅಮೋನಿಯಾ ಲಯೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸಿ ಹೊಸ ಫೀನಾಲ್‌ಗಳ ತಯಾರಿಗೆ ಇಳಿಯುತ್ತದೆ. ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯಲ್ಲಿ ಇದನ್ನು ಗುರುತಿಸಿದ್ದಾರೆ. ಆದ್ದರಿಂದ ಚಳಿಯ ಮೊದಲ ದಿನಗಳಲ್ಲಿ ಆಂಟಿಆಕ್ಸಿಡೆಂಟ್ ಏರಿ, ಆಮೇಲೆ ಇಳಿಯುವುದುಂಟು. ಏರಿದ್ದನ್ನು ಕಂಡು ಹಣ್ಣು ಸುಖವಾಗಿದೆ ಎಂದುಕೊಳ್ಳಬಾರದು. ಅದು ಹಣ್ಣಿನ ಹೋರಾಟದ ಗುರುತೂ ಆಗಿರಬಹುದು.

ಬಾಳೆಯ ಸಿಪ್ಪೆಯಲ್ಲಿ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಡೋಪಮಿನ್ ಹೇರಳವಾಗಿದೆ. ಮಿದುಳಿನ ಸಂದೇಶವಾಹಕ ಎಂದು ನಾವು ಕೇಳಿರುವ ಅದೇ ಡೋಪಮಿನ್, ಇಲ್ಲಿ ಒಂದು ಪ್ರಬಲ ಆಂಟಿಆಕ್ಸಿಡೆಂಟ್. ಆರೋಗ್ಯವಾದ ಸಿಪ್ಪೆಯಲ್ಲಿ ಅದೂ, ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಫ್ರಿಜ್‌ನ 4 ಡಿಗ್ರಿಯಲ್ಲಿ ಪೊರೆ ಸೋರಿದರೆ ಎರಡೂ ಎದುರಾಗುತ್ತವೆ. ಡೋಪಮಿನ್ ಆಮ್ಲಜನಕದೊಡನೆ ವರ್ತಿಸಿ, ಅಂದರೆ ಉತ್ಕರ್ಷಣಗೊಂಡು, ಕೊನೆಗೆ ಕಪ್ಪು ಮೆಲನಿನ್ ಆಗುತ್ತದೆ. ಒಳಗಿನ ತಿರುಳು ತಿನ್ನಲು ಚೆನ್ನಾಗಿಯೇ ಇದ್ದರೂ ಸಿಪ್ಪೆಯ ಮೇಲಿನ ಕಪ್ಪು, ಬಳಕೆಯಾಗಿಹೋದ ಆಂಟಿಆಕ್ಸಿಡೆಂಟ್‌ನ ಬಣ್ಣ.

ಸೇಬೂ ಪೂರ್ತಿ ಪಾರಾಗಿಲ್ಲ. ಕೆಲವು ತಳಿಗಳನ್ನು ತಿಂಗಳುಗಟ್ಟಲೆ ಚಳಿಯಲ್ಲಿಟ್ಟರೆ ಸಿಪ್ಪೆಯಲ್ಲಿನ ಆಲ್ಫಾ-ಫಾರ್ನೆಸೀನ್ ಎಂಬ ವಸ್ತು ಉತ್ಕರ್ಷಣಗೊಂಡು ಸುಟ್ಟಂಥ ಕಂದು ಕಲೆಗಳು ಮೂಡುತ್ತವೆ. ಇದನ್ನು ತಡೆಯಲು ಹಲವು ದಶಕ ಬಳಸಿದ ಡೈಫಿನೈಲಮೈನ್ ಎಂಬ ರಾಸಾಯನಿಕ ಕೂಡ ಒಂದು ಆಂಟಿಆಕ್ಸಿಡೆಂಟೇ.

ಹಾನಿಯ ಲಕ್ಷಣಗಳು ಎಷ್ಟೋ ಸಲ ಚಳಿಯಲ್ಲಿರುವಾಗ ಕಾಣುವುದೇ ಇಲ್ಲ. ಹಣ್ಣನ್ನು ಹೊರತೆಗೆದು ಬೆಚ್ಚಗಾದ ಮೇಲೆ ಗುಳಿ, ಕಲೆ, ಕೊಳೆ ಒಂದೊಂದಾಗಿ ಹೊರಬೀಳುತ್ತವೆ.

ಇನ್ನು ಈ ವಿಷಯದ ಅಂಕಿ ಅಂಶಗಳನ್ನು ಓದುವಾಗ ಒಂದು ಎಚ್ಚರ ಬೇಕೇ ಬೇಕು. ದಾಸ್ತಾನಿನಲ್ಲಿ ಸಿಪ್ಪೆ ನೀರು ಕಳೆದುಕೊಳ್ಳುತ್ತದೆ. ಆಗ ಹೊಸದಾಗಿ ಏನೂ ಹುಟ್ಟದಿದ್ದರೂ 100 ಗ್ರಾಂ ಸಿಪ್ಪೆಯಲ್ಲಿ ಸಿಗುವ ಫೀನಾಲ್‌ನ ಲೆಕ್ಕ ಮೇಲೇರುತ್ತದೆ. ತೂಕ ಹಸಿಯದೋ ಒಣಗಿಸಿದ್ದೋ, ಉಷ್ಣಾಂಶ ಎಷ್ಟು, ಎಷ್ಟು ದಿನ, ಯಾವ ತಳಿ ಎಂಬುದನ್ನು ಹೇಳದೆ ‘ತಂಪಿನಲ್ಲಿ ಆಂಟಿಆಕ್ಸಿಡೆಂಟ್ ಹೆಚ್ಚಿತು’ ಎಂದರೆ ಅದರಿಂದ ತಿಳಿಯುವುದು ತೀರಾ ಕಡಿಮೆ.